‘ನನ್ನ ಸರ್ಕಾರ’ ಎಂದು ಓದುವವರು ಯಾರು?

ವರ್ಷದ ಮೊದಲ ಅಧಿವೇಶನದ ಮೊದಲ ದಿನ ವಿಧಾನಸೌಧದಲ್ಲಿ ಒಂದು ಓದು ನಡೆಯುತ್ತದೆ. ವಿಧಾನಸಭೆಯ 224 ಮತ್ತು ವಿಧಾನ ಪರಿಷತ್ತಿನ 75 ಸದಸ್ಯರಿಗೆ ಆವತ್ತು ಒಂದೇ ಸಭಾಂಗಣ. ರಾಜ್ಯಪಾಲರು ಬರುತ್ತಾರೆ, ಅಚ್ಚಾದ ಭಾಷಣವನ್ನು ಓದುತ್ತಾರೆ, ಹೋಗುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಅದರ ಸಾರಾಂಶ ಬರುತ್ತದೆ, ಸಾಮಾನ್ಯವಾಗಿ ಯಾರೂ ಅದನ್ನು ಕೊನೆಯವರೆಗೆ ಓದುವುದಿಲ್ಲ. ಎಷ್ಟು ಶಾಲೆ, ಎಷ್ಟು ಕಿಲೋಮೀಟರ್ ರಸ್ತೆ, ಯಾವ ಯೋಜನೆಗೆ ಎಷ್ಟು ಕೋಟಿ ಎಂಬ ಪಟ್ಟಿ ಅದು. ಆದರೆ ಆ ಪಟ್ಟಿಯ ಉದ್ದಕ್ಕೂ ಮತ್ತೆ ಮತ್ತೆ ಬರುವ ಎರಡು ಪದಗಳು ನನ್ನನ್ನು ಬಹಳ ಕಾಲದಿಂದ ಕಾಡಿವೆ: ‘ನನ್ನ ಸರ್ಕಾರ’.

ಯಾರ ಸರ್ಕಾರ? ಓದುತ್ತಿರುವವರು ಚುನಾವಣೆಗೆ ನಿಂತವರಲ್ಲ. ಭಾಷಣ ಬರೆದವರೂ ಅವರಲ್ಲ. ಅದನ್ನು ಇಲಾಖೆಗಳು ಸಿದ್ಧಪಡಿಸುತ್ತವೆ, ಸಚಿವ ಸಂಪುಟ ಒಪ್ಪುತ್ತದೆ. 2014ರಿಂದ 2021ರವರೆಗೆ ನಮ್ಮ ರಾಜ್ಯಪಾಲರಾಗಿದ್ದ ವಜುಭಾಯಿ ವಾಲಾ ಅವರನ್ನೇ ನೋಡಿ. ಅವರು ಸಿದ್ದರಾಮಯ್ಯನವರ ಕಾಂಗ್ರೆಸ್ ಸರ್ಕಾರದ ಭಾಷಣ ಓದಿದರು, ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದ ಭಾಷಣ ಓದಿದರು, ಯಡಿಯೂರಪ್ಪನವರ ಬಿಜೆಪಿ ಸರ್ಕಾರದ ಭಾಷಣವನ್ನೂ ಓದಿದರು. ಒಂದಕ್ಕೊಂದು ಆಗದ ಈ ಮೂರು ಸರ್ಕಾರಗಳೂ ಅವರ ಪಾಲಿಗೆ ‘ನನ್ನ ಸರ್ಕಾರ’ವೇ. ಮೇಲ್ನೋಟಕ್ಕೆ ಇದು ನಗು ತರಿಸುವ ಸಂಗತಿ. ಒಬ್ಬ ಮನುಷ್ಯ ಪ್ರತಿವರ್ಷವೂ ತನ್ನದಲ್ಲದ ಮಾತನ್ನು ತನ್ನದೆಂದು ಹೇಳಬೇಕಾದ ಈ ಏರ್ಪಾಡನ್ನು ಬೂಟಾಟಿಕೆ ಎಂದು ತಳ್ಳಿಹಾಕುವವರೂ ಇದ್ದಾರೆ.

ನಾನು ಹಾಗೆ ತಳ್ಳಿಹಾಕಲಾರೆ. ಸಾಹಿತ್ಯ ಓದುವವರಿಗೆ ಮೊದಲು ಬರುವ ಪಾಠಗಳಲ್ಲಿ ಒಂದು, ಪಠ್ಯದೊಳಗಿನ ‘ನಾನು’ ಯಾರು ಎಂದು ಕೇಳುವುದು. ಗಮಕದ ಸಭೆಯಲ್ಲಿ ಕೂತವರಿಗೆ ಇದು ಇನ್ನೂ ಸಹಜ. ಕಾವ್ಯ ಕವಿಯದು, ದನಿ ಗಮಕಿಯದು, ಅರ್ಥ ಬಿಡಿಸುವವರು ವ್ಯಾಖ್ಯಾನಕಾರರು. ದುರ್ಯೋಧನನ ಮಾತನ್ನು ಓದಿದ ಗಮಕಿಯನ್ನು ಯಾರೂ ದುರ್ಯೋಧನನ ಪಕ್ಷದವರೆಂದು ಅನುಮಾನಿಸುವುದಿಲ್ಲ. ದನಿಯೂ ಮಾತೂ ಬೇರೆಬೇರೆಯವರದಾಗಿರುವುದು ಅಲ್ಲಿ ದೋಷವಲ್ಲ, ಕಲೆ ನಿಂತಿರುವುದೇ ಅದರ ಮೇಲೆ. ಶಾಸನಸಭೆಯ ಓದಿನಲ್ಲಿಯೂ ಹಾಗೆಯೇ ಎಂಬುದು ನನ್ನ ತಿಳಿವಳಿಕೆ. ಆದರೆ ಇಲ್ಲಿ ದನಿ ಮತ್ತು ಮಾತು ಬೇರೆಯಾಗಲು ಬಹಳ ಕಾಲ ಹಿಡಿಯಿತು. ಆ ಕತೆ ಮೈಸೂರಿನಿಂದಲೇ ಶುರು ಮಾಡಬಹುದು.

1881ರ ಮಾರ್ಚ್‌ನಲ್ಲಿ ಬ್ರಿಟಿಷರು ಐವತ್ತು ವರ್ಷ ತಾವೇ ಆಳಿದ ಮೈಸೂರನ್ನು ಹತ್ತನೇ ಚಾಮರಾಜ ಒಡೆಯರಿಗೆ ಹಿಂದಿರುಗಿಸಿದರು. 1876ರಿಂದ 78ರವರೆಗಿನ ಮಹಾಕ್ಷಾಮ ಸಂಸ್ಥಾನವನ್ನು ಹಿಂಡಿಹಾಕಿತ್ತು. ಜನ ಲಕ್ಷಗಟ್ಟಲೆ ಸತ್ತಿದ್ದರು, ಬೊಕ್ಕಸದ ಮೇಲೆ ಸಾಲವಿತ್ತು. ದಿವಾನ್ ರಂಗಾಚಾರ್ಲು ಅವರು ಆ ವರ್ಷವೇ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ, 144 ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದರು. ಹೆಚ್ಚಿನವರು ಜಮೀನುದಾರರು ಮತ್ತು ವರ್ತಕರು. ಅವರ ಮುಂದೆ ದಿವಾನರು ಹಿಂದಿನ ವರ್ಷದ ಆಡಳಿತದ ವರದಿಯನ್ನೂ ಮುಂದಿನ ಯೋಜನೆಗಳನ್ನೂ ಓದಿ ಹೇಳಿದರು. ಪ್ರತಿ ದಸರೆಗೂ ದಿವಾನರ ಭಾಷಣ ನಡೆಯುವ ಪದ್ಧತಿ ಹೀಗೆ ಬಂತು. ಮುಂದೆ ಆ ಭಾಷಣಗಳು ಸಂಪುಟಗಳಾಗಿ ಅಚ್ಚಾದವು.

ಆ ಸಂಪುಟಗಳನ್ನು ತಿರುವಿಹಾಕಿದಾಗ ನನಗೆ ಮೊದಲು ಕಂಡದ್ದು, ಇಂದಿನ ರಾಜ್ಯಪಾಲರ ಭಾಷಣದ ಧಾಟಿ ಅಲ್ಲಿ ಆಗಲೇ ಇದೆ ಎಂಬುದು. ಮಳೆ ಬೆಳೆ, ಕಂದಾಯ, ರೈಲು ದಾರಿ, ಶಾಲೆಗಳ ಲೆಕ್ಕ, ಆಸ್ಪತ್ರೆಗಳ ಲೆಕ್ಕ. ಒಂದೊಂದು ವಿಷಯಕ್ಕೆ ಒಂದೊಂದು ಕಂಡಿಕೆ. ದನಿ ದಿವಾನರದು, ಹೆಸರು ಮಹಾರಾಜರದು. ಆದರೆ ಮಾತು ದಿವಾನರದೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಕೆರೆ ಒಡೆದದ್ದನ್ನೋ ಕಂದಾಯ ಹೆಚ್ಚಾದದ್ದನ್ನೋ ಹೇಳಿಕೊಂಡರೆ ಉತ್ತರ ಕೊಡಬೇಕಾದವರೂ ದಿವಾನರೇ.

ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ ಏರ್ಪಾಡು. ಓದಿದವರೇ ಬರೆದವರು, ಬರೆದವರೇ ಉತ್ತರ ಹೇಳುವವರು. ಇದ್ದ ಕೊರತೆ ಒಂದೇ, ಆದರೆ ಅದು ಸಣ್ಣದಲ್ಲ. ಕೇಳಿಸಿಕೊಂಡವರಿಗೆ ಆ ದಿವಾನರನ್ನು ಬದಲಿಸುವ ಅಧಿಕಾರವಿರಲಿಲ್ಲ. ಅಹವಾಲು ಹೇಳಬಹುದಿತ್ತು, ಅದರಾಚೆ ಏನೂ ಮಾಡುವಂತಿರಲಿಲ್ಲ. 1891ರಿಂದ ಪ್ರತಿನಿಧಿಗಳಿಗೆ ಚುನಾವಣೆ ಬಂತು, ಮತ ಹಾಕುವ ಹಕ್ಕು ಆಸ್ತಿವಂತರಿಗೆ ಸಿಕ್ಕಿತು. 1907ರಲ್ಲಿ ಎರಡನೆಯ ಸದನವಾಗಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆಯಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ಸಿಕ್ಕಿತು. ಇಷ್ಟಾದರೂ ದಿವಾನರನ್ನು ನೇಮಿಸುವುದು, ತೆಗೆಯುವುದು ಅರಮನೆಯ ಕೈಯಲ್ಲೇ ಉಳಿಯಿತು, ಅದರ ಹಿಂದೆ ಬ್ರಿಟಿಷರ ಕಣ್ಣೂ ಇತ್ತು. 1947ರಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಆ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸಚಿವ ಸಂಪುಟ ಅಧಿಕಾರಕ್ಕೆ ಬರುವವರೆಗೂ ಇದೇ ಸ್ಥಿತಿ. ಜನ ಬೀದಿಗಿಳಿದು ಕೇಳಿದ್ದು ‘ಜವಾಬ್ದಾರಿ ಸರ್ಕಾರ’ವನ್ನು. ದಿವಾನರು ಉತ್ತರ ಹೇಳುತ್ತಿದ್ದರು ನಿಜ, ಜನರಿಗೆ ಜವಾಬ್ದಾರರಾಗಿರಲಿಲ್ಲ. ಎರಡರ ನಡುವಿನ ವ್ಯತ್ಯಾಸ ಆ ಚಳವಳಿಗಾರರಿಗೆ ಚೆನ್ನಾಗಿ ಗೊತ್ತಿತ್ತು.

1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಈ ಸಂಬಂಧ ತಲೆಕೆಳಗಾಯಿತು. ಜಯಚಾಮರಾಜ ಒಡೆಯರು ಮೈಸೂರಿನ ರಾಜಪ್ರಮುಖರಾದರು. ರಾಜ್ಯಪಾಲರಿಗೆ ಇದ್ದ ನಿಯಮಗಳೇ ರಾಜಪ್ರಮುಖರಿಗೂ ಅನ್ವಯಿಸುತ್ತಿದ್ದವು, ಶಾಸನಸಭೆಯ ಮುಂದೆ ಭಾಷಣ ಮಾಡುವ ನಿಯಮವೂ ಸೇರಿ. 1956ರಲ್ಲಿ ಏಕೀಕರಣವಾದ ಮೇಲೆ ಅವರೇ ವಿಶಾಲ ಮೈಸೂರಿನ ರಾಜ್ಯಪಾಲರಾಗಿ 1964ರವರೆಗೆ ಇದ್ದರು. ಹನುಮಂತಯ್ಯ, ಮಂಜಪ್ಪ, ನಿಜಲಿಂಗಪ್ಪ, ಜತ್ತಿ ಹೀಗೆ ಮುಖ್ಯಮಂತ್ರಿಗಳು ಬಂದರು, ಹೋದರು. ಎಪ್ಪತ್ತು ವರ್ಷದ ಹಿಂದೆ ಅಜ್ಜ ಚಾಮರಾಜ ಒಡೆಯರ ಹೆಸರಿನಲ್ಲಿ ದಿವಾನರು ಮಾತಾಡಿದ್ದರು. ಈಗ ಮೊಮ್ಮಗ, ಜನ ಆರಿಸಿದ ಮಂತ್ರಿಗಳ ಮಾತಿಗೆ ದನಿ ಕೊಡಬೇಕಾಯಿತು. ರಾಜತ್ವ ಹೋಗಿ ಪ್ರಜಾಪ್ರಭುತ್ವ ಬಂದದ್ದನ್ನು ವಿವರಿಸಲು ನಾವು ಹೋರಾಟಗಳ, ವಿಲೀನದ ದಾಖಲೆಗಳ ಕಡೆ ನೋಡುತ್ತೇವೆ. ನನಗೆ ಈ ಓದುವ ಕೆಲಸ ಕೈಬದಲಾದದ್ದೂ ಅಷ್ಟೇ ಸ್ಪಷ್ಟವಾದ ಸಾಕ್ಷಿ ಎನಿಸುತ್ತದೆ.

ಸಂವಿಧಾನದ 176ನೇ ವಿಧಿ ಚಿಕ್ಕದು. ಸಾರ್ವತ್ರಿಕ ಚುನಾವಣೆಯ ನಂತರದ ಮೊದಲ ಅಧಿವೇಶನದ ಆರಂಭದಲ್ಲಿ, ಹಾಗೂ ಪ್ರತಿವರ್ಷದ ಮೊದಲ ಅಧಿವೇಶನದ ಆರಂಭದಲ್ಲಿ ರಾಜ್ಯಪಾಲರು ವಿಧಾನಸಭೆಯನ್ನು, ಪರಿಷತ್ತು ಇರುವ ರಾಜ್ಯದಲ್ಲಿ ಒಟ್ಟಾಗಿ ಸೇರಿದ ಎರಡೂ ಸದನಗಳನ್ನು ಉದ್ದೇಶಿಸಿ ಮಾತನಾಡಬೇಕು, ಸದನವನ್ನು ಕರೆದ ಕಾರಣವನ್ನು ತಿಳಿಸಬೇಕು. ಆ ಭಾಷಣದಲ್ಲಿನ ವಿಷಯಗಳ ಚರ್ಚೆಗೆ ಸದನದ ನಿಯಮಗಳಲ್ಲಿ ಸಮಯ ಒದಗಿಸಬೇಕು. ಮೂಲದಲ್ಲಿ ಪ್ರತಿಯೊಂದು ಅಧಿವೇಶನಕ್ಕೂ ಈ ಭಾಷಣ ಬೇಕಿತ್ತು, ಅದರ ಮೇಲಿನ ಚರ್ಚೆಗೆ ಉಳಿದೆಲ್ಲ ಕಲಾಪಕ್ಕಿಂತ ಆದ್ಯತೆಯೂ ಇತ್ತು. 1951ರ ಮೊದಲ ತಿದ್ದುಪಡಿ ಎರಡನ್ನೂ ಸಡಿಲಿಸಿತು. ಆ ತಿದ್ದುಪಡಿಯನ್ನು ನಾವು ವಾಕ್ ಸ್ವಾತಂತ್ರ್ಯ ಮತ್ತು ಭೂಸುಧಾರಣೆಯ ಜೊತೆಗೆ ಮಾತ್ರ ನೆನಪಿಡುತ್ತೇವೆ. ಅದರ ಮೂಲೆಯಲ್ಲಿ ಈ ಸಣ್ಣ ಬದಲಾವಣೆಯೂ ಇದೆ.

ಈ ಪದ್ಧತಿ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ದೊರೆ ಓದುವ ಭಾಷಣವನ್ನು ಬರೆಯುವವರು ಮಂತ್ರಿಗಳು. 1642ರಲ್ಲಿ ಒಂದನೇ ಚಾರ್ಲ್ಸ್ ಐವರು ಸದಸ್ಯರನ್ನು ಬಂಧಿಸಲು ಸೈನಿಕರೊಂದಿಗೆ ಕೆಳಮನೆಗೆ ನುಗ್ಗಿ ಬರಿಗೈಯಲ್ಲಿ ಮರಳಿದ ಮೇಲೆ ಯಾವ ದೊರೆಯೂ ಆ ಮನೆಯೊಳಗೆ ಕಾಲಿಡುವುದಿಲ್ಲ. ಭಾಷಣ ಮೇಲ್ಮನೆಯಲ್ಲಿ ನಡೆಯುತ್ತದೆ. ಕರೆಯಲು ಬಂದ ದೊರೆಯ ದೂತನ ಮುಖಕ್ಕೇ ಕೆಳಮನೆಯವರು ಬಾಗಿಲು ಹಾಕಿ, ಆತ ಬಡಿದ ಮೇಲೆ ತೆಗೆಯುತ್ತಾರೆ. ಆಡಂಬರವೆಲ್ಲ ಹೀಗಿದ್ದರೂ ನಿಜವಾದ ತೂಕ ಇರುವುದು ಭಾಷಣದ ಮೇಲಿನ ಮತದಾನದಲ್ಲಿ. 1924ರ ಜನವರಿಯಲ್ಲಿ ಐದನೇ ಜಾರ್ಜ್ ಬಾಲ್ಡ್ವಿನ್ ಸರ್ಕಾರದ ಭಾಷಣವನ್ನು ಓದಿದರು. ಕೆಲವೇ ದಿನಗಳಲ್ಲಿ ಕೆಳಮನೆ ಅದಕ್ಕೆ ವಿಶ್ವಾಸವಿಲ್ಲವೆಂಬ ತಿದ್ದುಪಡಿಯನ್ನು ಅಂಗೀಕರಿಸಿತು, ಬಾಲ್ಡ್ವಿನ್ ಹೋದರು, ರಾಮ್ಸೆ ಮ್ಯಾಕ್‌ಡೊನಾಲ್ಡ್ ಮೊದಲ ಲೇಬರ್ ಸರ್ಕಾರ ರಚಿಸಿದರು. ಬಿದ್ದದ್ದು ದೊರೆಯಲ್ಲ, ಮಾತು ಯಾರದೋ ಅವರು.

ನಮ್ಮ ಶಾಸನಸಭೆಗಳಲ್ಲಿಯೂ ಭಾಷಣದ ನಂತರ ವಂದನಾ ನಿರ್ಣಯ ಮಂಡನೆಯಾಗುತ್ತದೆ. ಹೆಸರು ಮಾತ್ರ ವಂದನೆ. ವಿರೋಧ ಪಕ್ಷದವರು ಅಲ್ಲಿ ಬರದಿಂದ ಹಿಡಿದು ಭ್ರಷ್ಟಾಚಾರದವರೆಗೆ ಎಲ್ಲವನ್ನೂ ಎತ್ತಬಹುದು, ಭಾಷಣದಲ್ಲಿ ಇದು ಬಿಟ್ಟುಹೋಗಿದೆ ಎಂದು ತಿದ್ದುಪಡಿ ತರಬಹುದು. ಮುಖ್ಯಮಂತ್ರಿ ಉತ್ತರ ಕೊಡಬೇಕು. ವಿಧಾನಸಭೆಯಲ್ಲಿ ಈ ನಿರ್ಣಯ ಸೋತರೆ ಸರ್ಕಾರಕ್ಕೆ ಬಹುಮತವಿಲ್ಲ ಎಂದೇ ಅರ್ಥ. ದಿವಾನರ ಕಾಲದಲ್ಲಿ ಇಲ್ಲದೇ ಇದ್ದದ್ದು ಇದೇ. ಓದುವವರು ಮತ್ತು ಬರೆದವರು ಬೇರೆಯಾದದ್ದರಿಂದ ಭಾಷಣ ಟೊಳ್ಳಾಗಲಿಲ್ಲ. ಬರೆದವರು ಎದುರಿನ ಸಾಲಿನಲ್ಲೇ ಕೂತಿರುತ್ತಾರೆ, ಅವರನ್ನು ಅಲ್ಲಿಂದ ಎಬ್ಬಿಸುವ ಶಕ್ತಿ ಕೇಳುಗರಿಗೆ ಇದೆ.

ಆದರೆ ಓದುವವರು ನಡುವೆ ಒಂದು ಸಾಲನ್ನು ಬಿಟ್ಟರೆ? ಈ ಪ್ರಶ್ನೆ ತೀವ್ರವಾಗಿ ಎದ್ದದ್ದು 1969ರ ಮಾರ್ಚ್ 6ರಂದು, ಕಲ್ಕತ್ತಾದಲ್ಲಿ. ಅದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1967ರ ಚುನಾವಣೆಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡು, ಅಜಯ್ ಮುಖರ್ಜಿ ನೇತೃತ್ವದಲ್ಲಿ ಸಂಯುಕ್ತ ರಂಗದ ಸರ್ಕಾರ ಬಂದಿತ್ತು. ಕೆಲವು ಶಾಸಕರು ರಂಗವನ್ನು ಬಿಟ್ಟಾಗ ರಾಜ್ಯಪಾಲ ಧರ್ಮವೀರ ಅವರು ಬೇಗ ಸದನ ಕರೆದು ಬಹುಮತ ತೋರಿಸಿ ಎಂದರು. ಮುಖ್ಯಮಂತ್ರಿ ಡಿಸೆಂಬರ್ 18ರ ದಿನಾಂಕ ಹೇಳಿದರು. ರಾಜ್ಯಪಾಲರು ಕಾಯಲಿಲ್ಲ. ನವೆಂಬರ್ 21ರಂದು ಸರ್ಕಾರವನ್ನು ವಜಾ ಮಾಡಿ, ಪಿ.ಸಿ. ಘೋಷ್ ಅವರಿಗೆ ಪ್ರಮಾಣವಚನ ಬೋಧಿಸಿದರು. ಸದನ ಸೇರಿದಾಗ ಸ್ಪೀಕರ್ ಬಿಜಯ್ ಬ್ಯಾನರ್ಜಿ ಈ ಸರ್ಕಾರವನ್ನು ತಾವು ಒಪ್ಪುವುದಿಲ್ಲವೆಂದು ಸಭೆಯನ್ನೇ ಮುಂದೂಡಿದರು. 1968ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ವಜಾ ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಕಲ್ಕತ್ತಾ ಹೈಕೋರ್ಟಿಗೆ ಹೋಗಿ, ಅಲ್ಲಿ ರಾಜ್ಯಪಾಲರ ಅಧಿಕಾರವನ್ನು ಎತ್ತಿಹಿಡಿಯಲಾಯಿತು.

ಒಂದು ವರ್ಷದ ನಂತರ ನಡೆದ ಮಧ್ಯಂತರ ಚುನಾವಣೆಯಲ್ಲಿ ಜನ ಅದೇ ಸಂಯುಕ್ತ ರಂಗವನ್ನು ಭಾರಿ ಬಹುಮತದಿಂದ ಆರಿಸಿದರು. ಅಜಯ್ ಮುಖರ್ಜಿ ಮತ್ತೆ ಮುಖ್ಯಮಂತ್ರಿ, ಜ್ಯೋತಿ ಬಸು ಉಪಮುಖ್ಯಮಂತ್ರಿ. ರಾಜಭವನದಲ್ಲಿ ಇನ್ನೂ ಧರ್ಮವೀರರೇ ಇದ್ದರು. ಹೊಸ ಸಂಪುಟ ಸಿದ್ಧಪಡಿಸಿದ ಭಾಷಣದಲ್ಲಿ, 1967ರ ವಜಾ ಸಂವಿಧಾನಕ್ಕೆ ವಿರುದ್ಧವಾಗಿತ್ತು, ಜನರ ತೀರ್ಪು ಅದನ್ನು ತಿರಸ್ಕರಿಸಿದೆ ಎಂಬ ಅರ್ಥದ ಎರಡು ಕಂಡಿಕೆಗಳಿದ್ದವು. ವಜಾ ಮಾಡಿದ ಮನುಷ್ಯನೇ ಅವನ್ನು ಎರಡೂ ಸದನಗಳ ಮುಂದೆ ಓದಬೇಕಿತ್ತು. ಅವನ್ನು ತೆಗೆಯಿರಿ ಎಂದು ಅವರು ಕೇಳಿದರು, ಸಂಪುಟ ಒಪ್ಪಲಿಲ್ಲ. ಅಂದು ಜಂಟಿ ಅಧಿವೇಶನದಲ್ಲಿ ಆ ಎರಡು ಕಂಡಿಕೆಗಳನ್ನು ಬಿಟ್ಟು ಧರ್ಮವೀರ ಮುಂದಕ್ಕೆ ಓದಿದರು. ಸದನದಲ್ಲಿ ಪ್ರತಿಭಟನೆ ಎದ್ದಿತು.

ಧರ್ಮವೀರರ ಪಕ್ಷದಲ್ಲಿ ನಿಂತು ಯೋಚಿಸುವುದು ಕಷ್ಟವಲ್ಲ. ಸದನ ಕರೆದ ಕಾರಣವನ್ನು ಹೇಳುವುದಕ್ಕೆ ಭಾಷಣ, ಹಳೆಯ ಲೆಕ್ಕ ತೀರಿಸುವುದಕ್ಕಲ್ಲ. ನ್ಯಾಯಾಲಯ ಸರಿ ಎಂದದ್ದನ್ನು ತಪ್ಪು ಎಂದು ಹೇಗೆ ಓದುವುದು? ಯಾವ ಮನುಷ್ಯನ ಬಾಯಿಂದಲೂ ಅವನ ಮೇಲಿನ ಆರೋಪಪಟ್ಟಿಯನ್ನು ಅವನದೇ ಮಾತೆಂಬಂತೆ ಓದಿಸುವುದು ಘನತೆಯ ಕೆಲಸವಲ್ಲ. ಸಂಯುಕ್ತ ರಂಗದವರಿಗೆ ಅದು ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ. ಗೊತ್ತಿದ್ದೇ ಬರೆದಿದ್ದರು. ಅವರಿಗೆ ಅವಮಾನವಾಗಿತ್ತು, ಆ ಅವಮಾನವನ್ನು ಮರಳಿಸಬೇಕಿತ್ತು.

ಇಷ್ಟನ್ನು ಒಪ್ಪಿಯೂ, ಬಿಟ್ಟು ಓದಿದ್ದು ಸರಿಯಲ್ಲ ಎಂಬ ತೀರ್ಮಾನಕ್ಕೇ ನಾನು ಬರುತ್ತೇನೆ. ಕಾರಣ ಸರಳ. ಆ ಎರಡು ಕಂಡಿಕೆಗಳು ಕೆಟ್ಟವಾಗಿದ್ದರೆ ಅದಕ್ಕೆ ಉತ್ತರ ಹೇಳಲು ಸದನದಲ್ಲಿ ಜನರಿದ್ದರು. ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ತಿದ್ದುಪಡಿ ತರಬಹುದಿತ್ತು, ಇದು ಸೇಡಿನ ಭಾಷಣ ಎಂದು ಹೇಳಬಹುದಿತ್ತು, ಮುಖ್ಯಮಂತ್ರಿ ಅದಕ್ಕೆ ಜವಾಬು ಕೊಡಬೇಕಾಗುತ್ತಿತ್ತು. ಆದರೆ ಬಿಟ್ಟ ಸಾಲಿಗೆ ಯಾರು ಜವಾಬು ಕೊಡುವುದು? ರಾಜ್ಯಪಾಲರು ಓದಿ ಹೊರಟುಹೋಗುತ್ತಾರೆ. ಅವರನ್ನು ಸದನ ಪ್ರಶ್ನೆ ಕೇಳುವಂತಿಲ್ಲ, ಆರಿಸಿಲ್ಲವಾದ್ದರಿಂದ ಇಳಿಸುವಂತೆಯೂ ಇಲ್ಲ. ದಿವಾನರಾದರೂ ಕೂತು ಉತ್ತರ ಹೇಳುತ್ತಿದ್ದರು. 1974ರಲ್ಲಿ ಶಂಶೇರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಕೆಲವು ಅಪವಾದಗಳನ್ನು ಬಿಟ್ಟು ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು ಎಂದು ಸ್ಪಷ್ಟಪಡಿಸಿತು. ಅದರ ಹಿಂದಿನ ತರ್ಕವೂ ಇದೇ. ಅಧಿಕಾರ ನಡೆಸುವವರು ಯಾರಿಗಾದರೂ ಉತ್ತರ ಹೇಳಬೇಕು.

ಈ ಕತೆಗೆ ನಮ್ಮ ಊರಿನ ಒಂದು ತುದಿಯೂ ಇದೆ. ಆ ಘಟನೆಯ ನಂತರ ಧರ್ಮವೀರ ಬಂಗಾಳದಲ್ಲಿ ಬಹಳ ದಿನ ಇರಲಿಲ್ಲ. 1969ರ ಅಕ್ಟೋಬರ್‌ನಲ್ಲಿ ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿ ಬೆಂಗಳೂರಿಗೆ ಬಂದರು. ಕಾಂಗ್ರೆಸ್ ಒಡೆಯುತ್ತಿದ್ದ ಕಾಲ ಅದು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಇಂದಿರಾ ಗಾಂಧಿಯವರ ವಿರುದ್ಧದ ಬಣದಲ್ಲಿದ್ದರು. 1971ರ ಮಾರ್ಚ್‌ನಲ್ಲಿ ಅವರ ಸರ್ಕಾರ ಹೋಗಿ ನಮ್ಮಲ್ಲಿಯೂ ರಾಷ್ಟ್ರಪತಿ ಆಳ್ವಿಕೆ ಬಂದಾಗ ರಾಜಭವನದಲ್ಲಿದ್ದವರು ಧರ್ಮವೀರರೇ.

ಐವತ್ತು ವರ್ಷಗಳ ನಂತರ ಇದೇ ಪ್ರಶ್ನೆ ಬೇರೆ ರಾಜ್ಯಗಳಲ್ಲಿ ಮತ್ತೆ ಎದ್ದಿತು. ಕೇರಳ ಮತ್ತು ತಮಿಳುನಾಡಿನಲ್ಲಿ ವಿಧಾನ ಪರಿಷತ್ತು ಇಲ್ಲ, ಆದ್ದರಿಂದ ಅಲ್ಲಿ ಜಂಟಿ ಅಧಿವೇಶನವಿಲ್ಲ, ಆದರೆ ವಿಧಿ ಅದೇ. 2020ರ ಜನವರಿಯಲ್ಲಿ ಕೇರಳದ ರಾಜ್ಯಪಾಲ ಆರಿಫ್ ಮೊಹಮ್ಮದ್ ಖಾನ್ ಪೌರತ್ವ ತಿದ್ದುಪಡಿ ಕಾಯ್ದೆಯನ್ನು ವಿರೋಧಿಸುವ ಕಂಡಿಕೆಗೆ ಬಂದಾಗ, ಇದು ಸರ್ಕಾರದ ನೀತಿ ಅಥವಾ ಕಾರ್ಯಕ್ರಮದ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ತಮ್ಮ ಅಭಿಪ್ರಾಯ, ಆದರೂ ಮುಖ್ಯಮಂತ್ರಿಯ ಇಚ್ಛೆಯನ್ನು ಗೌರವಿಸಿ ಓದುತ್ತೇನೆ ಎಂದು ಹೇಳಿ ಓದಿದರು. 2023ರ ಜನವರಿ 9ರಂದು ತಮಿಳುನಾಡಿನ ರಾಜ್ಯಪಾಲ ಆರ್.ಎನ್. ರವಿ ಬೇರೆ ದಾರಿ ಹಿಡಿದರು. ಪೆರಿಯಾರ್, ಅಂಬೇಡ್ಕರ್, ಕಾಮರಾಜ್, ಅಣ್ಣಾದೊರೈ, ಕರುಣಾನಿಧಿ ಅವರ ಹೆಸರುಗಳೂ ‘ದ್ರಾವಿಡ ಮಾದರಿ’ ಎಂಬ ಮಾತೂ ಇದ್ದ ಭಾಗವನ್ನು ಓದದೆ ಬಿಟ್ಟರು. ಮುಖ್ಯಮಂತ್ರಿ ಸ್ಟಾಲಿನ್ ಎದ್ದು, ಅಚ್ಚಾದ ಮೂಲ ಭಾಷಣ ಮಾತ್ರ ಕಡತಕ್ಕೆ ಹೋಗಬೇಕು ಎಂಬ ನಿರ್ಣಯ ಮಂಡಿಸಿದರು. ರಾಜ್ಯಪಾಲರು ಸಭೆಯಿಂದ ಹೊರನಡೆದರು.

ಈ ಎರಡರಲ್ಲಿ ಖಾನ್ ಅವರ ದಾರಿಯೇ ವಾಸಿ ಎನ್ನುತ್ತೇನೆ. ಸದನಕ್ಕೆ ಪೂರ್ತಿ ಪಠ್ಯ ಸಿಕ್ಕಿತು, ಓದುವವರ ಮನಸ್ಸಿನ ಭಾರವೂ ಇಳಿಯಿತು. ಅಲ್ಲಿಯೂ ಒಂದು ತೊಡಕು ಉಳಿಯುತ್ತದೆ. ರಾಜ್ಯಪಾಲರು ಸೇರಿಸಿದ ಆ ಸ್ವಂತ ವಾಕ್ಯಕ್ಕೆ ಸದನದಲ್ಲಿ ಹೊಣೆ ಹೊರುವವರು ಯಾರೂ ಇಲ್ಲ. ಆದರೆ ಒಂದು ಸಾಲನ್ನು ಸೇರಿಸಿದಾಗ ಕೇಳುಗರಿಗೆ ಅದು ಗೊತ್ತಾಗುತ್ತದೆ. ಬಿಟ್ಟಾಗ, ಅಚ್ಚಾದ ಪ್ರತಿ ಕೈಯಲ್ಲಿ ಇಲ್ಲದವರಿಗೆ ಏನೂ ಗೊತ್ತಾಗುವುದಿಲ್ಲ.

ಓದನ್ನು ಕೆಡಿಸುವವರು ರಾಜಭವನದವರು ಮಾತ್ರ ಎಂದು ಹೇಳಿದರೆ ಅನ್ಯಾಯವಾಗುತ್ತದೆ. 1965ರಲ್ಲಿ ಬಂಗಾಳದ ರಾಜ್ಯಪಾಲರಾಗಿದ್ದ ಪದ್ಮಜಾ ನಾಯ್ಡು ಅವರಿಗೆ ಸದಸ್ಯರ ಗದ್ದಲದಲ್ಲಿ ಭಾಷಣ ಮಾಡಲು ಆಗದೆ, ಪ್ರತಿಯನ್ನು ಸದನದ ಮುಂದಿಟ್ಟು ಹೊರಡಬೇಕಾಯಿತು. ಆ ವಿವಾದವೂ ಹೈಕೋರ್ಟಿಗೆ ಹೋಯಿತು. ಭಾಷಣ ಕಡ್ಡಾಯವೆಂದು ಹೇಳಿದ ನ್ಯಾಯಾಲಯ, ಆದ ಲೋಪ ಸದನದ ಕಲಾಪವನ್ನೇ ರದ್ದು ಮಾಡುವಷ್ಟು ದೊಡ್ಡದೆಂದು ಭಾವಿಸಲಿಲ್ಲ. 2019ರ ಫೆಬ್ರವರಿಯಲ್ಲಿ ನಮ್ಮ ವಿಧಾನಸೌಧದಲ್ಲೇ ವಿರೋಧ ಪಕ್ಷದವರ ಘೋಷಣೆಗಳ ನಡುವೆ ವಜುಭಾಯಿ ವಾಲಾ ಭಾಷಣವನ್ನು ಮೊಟಕುಗೊಳಿಸಿ ಹೊರಟರು. ಗದ್ದಲ ಮಾಡಿದವರು ಸರ್ಕಾರವನ್ನು ಸೋಲಿಸಿದೆವು ಎಂದುಕೊಳ್ಳುತ್ತಾರೆ. ನಿಜಕ್ಕೂ ಅವರು ಕಳೆದುಕೊಳ್ಳುವುದು ತಮ್ಮದೇ ಅಸ್ತ್ರವನ್ನು. ಸರ್ಕಾರ ವರ್ಷದ ಆರಂಭದಲ್ಲಿ ಏನೇನು ಮಾತು ಕೊಟ್ಟಿತು ಎಂಬುದು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಕೇಳಿಸಿದರೆ ತಾನೇ, ವರ್ಷದ ಕೊನೆಗೆ ಅದನ್ನು ಹಿಡಿದು ಕೇಳಲು ಆಗುವುದು?

ರಾಜ್ಯಪಾಲರ ಭಾಷಣದ ಗದ್ಯ ಸೊಗಸಾದದ್ದೆಂದು ನಾನು ಹೇಳುವುದಿಲ್ಲ. ಕನ್ನಡದ ಪ್ರತಿಯಲ್ಲಿ ಎಷ್ಟೋ ವಾಕ್ಯಗಳು ಸರ್ಕಾರಿ ಸುತ್ತೋಲೆಯ ಹಾಗೆ ಕರ್ತೃವೇ ಇಲ್ಲದೆ ನಡೆಯುತ್ತವೆ: ಕ್ರಮ ಕೈಗೊಳ್ಳಲಾಗಿದೆ, ಆದ್ಯತೆ ನೀಡಲಾಗಿದೆ. ಆದರೂ ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು. ಯಾವುದಾದರೂ ಒಂದು ವರ್ಷದ ಭಾಷಣವನ್ನೂ, ಅದರ ಮೇಲಿನ ವಂದನಾ ನಿರ್ಣಯದ ಚರ್ಚೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಜೊತೆಗೆ 1881ರ ನಂತರದ ದಿವಾನರ ಭಾಷಣ ಒಂದನ್ನೂ ಇಟ್ಟುಕೊಳ್ಳಿ. ಮಳೆ, ಬೆಳೆ, ಶಾಲೆಯ ಲೆಕ್ಕಗಳಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ದಿವಾನರ ಎದುರು ಕೂತಿದ್ದ 144 ಮಂದಿ ಕೇಳಿಸಿಕೊಂಡು, ಅಹವಾಲು ಹೇಳಿ, ಊರಿಗೆ ಹೋಗಬೇಕಿತ್ತು. ಇಂದು ಕೂತಿರುವವರು ಮತ ಹಾಕಬಹುದು. ಅವರು ಮತ ಹಾಕಬೇಕಾದರೆ ಮೊದಲು ಭಾಷಣ ಪೂರ್ತಿಯಾಗಿ ಕೇಳಿಸಬೇಕು.